ಧಾರವಾಡಕ್ಕೆ ಯಾಕೆ ಬರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಧಾರವಾಡದವಳು ಅಂತ ಗೊತ್ತಾದ ಕೂಡಲೇ ಹೊರಗಿನ ಸ್ನೇಹಿತರು ಪೇಡೆ ತಂದಿದ್ದೀಯಾ ಅಂತ ಕೇಳುತ್ತಾರೆ. ಇಲ್ಲ ಅಂದರೆ ಸ್ವಲ್ಪ ಮುಖ ಸಣ್ಣದು ಮಾಡಿಕೊಂಡು ಬೇರೆ ಪ್ರಶ್ನೆಗಳಿಗೆ ಇಳಿಯುತ್ತಾರೆ. ಆ ಪ್ರಶ್ನೆಗಳಿಗೆ ಫೋನಿನಲ್ಲಿ ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಧಾರವಾಡದಲ್ಲಿ ನೋಡೋಕೆ ಏನಿದೆ?

ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ. ಅರಮನೆ ಇಲ್ಲ, ಜಲಪಾತ ಇಲ್ಲ, ಸಮುದ್ರ ಇಲ್ಲ. ಕೋಟೆ ಇತ್ತು, ಈಗ ಉಳಿದಿರುವುದು ಅದರ ಬಾಗಿಲು ಮತ್ತು 'ಕಿಲ್ಲಾ' ಅನ್ನುವ ಓಣಿಯ ಹೆಸರು. ಬೆಳಿಗ್ಗೆ ಬಂದು, ನಾಲ್ಕು ಜಾಗದಲ್ಲಿ ಫೋಟೊ ತೆಗೆಸಿಕೊಂಡು, ಸಂಜೆ ಬಸ್ಸು ಹತ್ತುವವರಿಗೆ ಈ ಊರು ಏನೂ ಕೊಡುವುದಿಲ್ಲ. ಅಂಥವರು ಹೋಗಿ 'ಏನಿಲ್ಲಪ್ಪ ಅಲ್ಲಿ' ಅಂತ ಹೇಳಿದರೆ ನನಗೆ ಬೇಜಾರೂ ಇಲ್ಲ.

ಒಂದು ರಾತ್ರಿ ಉಳಿಯುವವರಿಗೆ ಮಾತ್ರ ಬೇರೆ ಲೆಕ್ಕ. ಸಂಜೆ ಯಾವುದಾದರೂ ಸಭಾಭವನದಲ್ಲಿ ಹಾಡು ಕೇಳಬಹುದು. ರಾತ್ರಿ ಖಾನಾವಳಿಯಲ್ಲಿ ಬಿಸಿ ರೊಟ್ಟಿ ಉಣ್ಣಬಹುದು. ಬೆಳಿಗ್ಗೆ ವಿಶ್ವವಿದ್ಯಾಲಯದ ಗುಡ್ಡ ಹತ್ತಿ, ಮಧ್ಯಾಹ್ನ ಸಾಧನಕೇರಿಯಲ್ಲಿ ಕೂರಬಹುದು. ಇಲ್ಲಿ ಮಾಡುವುದು ಇಷ್ಟೇ. ಇಷ್ಟು ಸಾಕು ಅನ್ನಿಸಿದವರು ಮತ್ತೆ ಮತ್ತೆ ಬರುತ್ತಾರೆ.

ಯಾವ ಕಾಲದಲ್ಲಿ ಬಂದರೆ ಒಳ್ಳೆಯದು?

ಮಳೆಗಾಲದಲ್ಲಿ. ಎಲ್ಲರೂ ಮಳೆ ಬಿಟ್ಟ ಮೇಲೆ ಬನ್ನಿ ಅಂತಾರೆ, ನಾನು ಮಳೆ ಇರುವಾಗಲೇ ಬನ್ನಿ ಅಂತೀನಿ.

ಧಾರವಾಡ ಇರುವ ಜಾಗವೇ ಸ್ವಲ್ಪ ವಿಚಿತ್ರ. ಸಮುದ್ರ ಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿದೆ. ಪಶ್ಚಿಮಕ್ಕೆ ಅಳ್ನಾವರದ ಕಡೆ, ದಕ್ಷಿಣಕ್ಕೆ ಕಲಘಟಗಿಯ ಕಡೆ ಹೊರಟರೆ ಕೆಂಪು ಮಣ್ಣು, ಭತ್ತದ ಗದ್ದೆ, ಆಮೇಲೆ ಕಾಡು. ಪೂರ್ವಕ್ಕೆ ನವಲಗುಂದದ ಕಡೆ ಹೊರಟರೆ ಕಣ್ಣು ಹಾಯುವವರೆಗೂ ಎರೆಮಣ್ಣು, ಜೋಳ, ಕಡಲೆ, ಹತ್ತಿ. ಮಲೆನಾಡೂ ಬಯಲುಸೀಮೆಯೂ ಕೂಡುವ ಗಡಿಯಲ್ಲಿ ಊರು ಕೂತಿದೆ. ಹಾಗಾಗಿ ಮಲೆನಾಡಿನ ಮಳೆ ಇಲ್ಲಿಗೆ ಬರುವಷ್ಟರಲ್ಲಿ ಅದರ ಆರ್ಭಟ ಕಡಿಮೆಯಾಗಿರುತ್ತದೆ. ಜುಲೈ, ಆಗಸ್ಟಿನಲ್ಲಿ ದಿನಗಟ್ಟಲೆ ಜಿಟಿಜಿಟಿ ಅಂತ ಸುರಿಯುತ್ತಲೇ ಇರುತ್ತದೆ. ಛತ್ರಿ ಬಿಚ್ಚಬೇಕೋ ಬೇಡವೋ ಅನ್ನುವಂಥ ಮಳೆ. ಬಟ್ಟೆ ಒಣಗುವುದಿಲ್ಲ, ಆದರೆ ಮಿರ್ಚಿ ಭಜಿಗೆ ಇದಕ್ಕಿಂತ ಒಳ್ಳೆಯ ಹವಾ ಇಲ್ಲ.

ಶ್ರಾವಣದಲ್ಲಿ ಬಂದರೆ ನಾಗಪಂಚಮಿ ಸಿಗುತ್ತದೆ. ದಕ್ಷಿಣದವರಿಗೆ ನಾಗಪಂಚಮಿ ಅಂದರೆ ಹುತ್ತಕ್ಕೆ ಹಾಲು, ಅಷ್ಟೇ ಅಲ್ವಾ? ನಮ್ಮ ಕಡೆ ಅದು ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಮರಕ್ಕೆ ಜೋಕಾಲಿ ಕಟ್ಟುತ್ತಾರೆ. ಮನೆಯಲ್ಲಿ ಡಬ್ಬಿಗಟ್ಟಲೆ ಉಂಡಿ ಇರುತ್ತವೆ: ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ. ಜೋಳದ ಅಳ್ಳು ಹುರಿಯುತ್ತಾರೆ. ಹಬ್ಬದ ಆರಂಭಕ್ಕೆ 'ರೊಟ್ಟಿ ಪಂಚಮಿ' ಅಂತ ಇನ್ನೊಂದಿದೆ. ಅವತ್ತು ಖಡಕ್ ರೊಟ್ಟಿ, ನಾಲ್ಕಾರು ಥರದ ಪಲ್ಯ, ಚಟ್ನಿಪುಡಿ ಎಲ್ಲ ತಟ್ಟೆಗೆ ಜೋಡಿಸಿ ಅಕ್ಕಪಕ್ಕದ ಮನೆಗಳಿಗೆ ಕೊಟ್ಟು ಬರುತ್ತಾರೆ. ಅವರ ಮನೆಯ ತಟ್ಟೆ ನಮ್ಮ ಮನೆಗೆ ಬರುತ್ತದೆ. ಸಂಜೆ ಹೊತ್ತಿಗೆ ನಮ್ಮ ಮನೆಯಲ್ಲಿ ನಾವು ಮಾಡಿದ ರೊಟ್ಟಿ ಒಂದೂ ಇರುವುದಿಲ್ಲ, ಓಣಿಯ ಎಲ್ಲರ ರೊಟ್ಟಿಯೂ ಇರುತ್ತದೆ. ಯಾರ ಮನೆಯ ಬದನೆಕಾಯಿ ಪಲ್ಯ ಚೆನ್ನಾಗಿತ್ತು ಅನ್ನುವ ಚರ್ಚೆ ಮುಂದಿನ ವಾರದವರೆಗೂ ನಡೆಯುತ್ತದೆ.

ಮಳೆ ಆಗದವರು ನವೆಂಬರಿನಿಂದ ಫೆಬ್ರುವರಿಯೊಳಗೆ ಬನ್ನಿ. ಮಾವಿನ ಹುಚ್ಚಿರುವವರು ಮೇ ತಿಂಗಳಲ್ಲಿ. ಧಾರವಾಡದ ಆಪೂಸ್ ರತ್ನಾಗಿರಿಗೆ ಸರಿಸಮ ಅಂತ ನಾವು ವಾದ ಮಾಡುತ್ತೇವೆ. ಕೃಷಿಯಲ್ಲಿ ಆಸಕ್ತಿ ಇದ್ದರೆ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಇರುತ್ತದೆ. ಆಗ ಲಾಡ್ಜಿನಲ್ಲಿ ರೂಮು ಸಿಗುವುದು ಕಷ್ಟ.

ಬರುವುದು ಹೇಗೆ?

ಬೆಂಗಳೂರಿನಿಂದ ಸುಮಾರು 430 ಕಿಲೋಮೀಟರ್. ರಾತ್ರಿ ರಾಣಿ ಚೆನ್ನಮ್ಮ ರೈಲು ಹತ್ತಿದರೆ ಬೆಳಿಗ್ಗೆ ಇಳಿಯಬಹುದು. 2023ರಿಂದ ವಂದೇ ಭಾರತ್ ಕೂಡ ಇದೆ. ವಿಮಾನದಲ್ಲಿ ಬರುವವರು ಹುಬ್ಬಳ್ಳಿಯಲ್ಲಿ ಇಳಿಯಬೇಕು. ಅಲ್ಲಿಂದ ಧಾರವಾಡಕ್ಕೆ 20 ಕಿಲೋಮೀಟರ್ ಚಿಲ್ಲರೆ, ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿಗೆ ಅದಕ್ಕೇ ಅಂತ ಬೇರೆ ದಾರಿ ಇರುವುದರಿಂದ ಟ್ರಾಫಿಕ್ಕಿನ ತಲೆಬಿಸಿ ಕಡಿಮೆ.

ಹುಬ್ಬಳ್ಳಿ, ಧಾರವಾಡ ಎರಡೂ ಒಂದೇ ಊರಲ್ವಾ?

ಕಾಗದದ ಮೇಲೆ ಒಂದು ಮಾಡಿದ್ದರು. 1962ರಲ್ಲಿ ಎರಡಕ್ಕೂ ಸೇರಿ ಒಂದೇ ಮಹಾನಗರ ಪಾಲಿಕೆ ಆಯಿತು. ಧಾರವಾಡಕ್ಕೆ ಬೇರೆ ಪಾಲಿಕೆ ಬೇಕು ಅಂತ ಇಲ್ಲಿಯವರು ವರ್ಷಗಟ್ಟಲೆ ಕೇಳಿ, 2025ರಲ್ಲಿ ಸಚಿವ ಸಂಪುಟ ಅದಕ್ಕೆ ಒಪ್ಪಿತು. ಹುಬ್ಬಳ್ಳಿ ವ್ಯಾಪಾರದ ಊರು, ರೈಲ್ವೆಯ ಊರು. ಅಲ್ಲಿನ ರೈಲು ನಿಲ್ದಾಣದ ಪ್ಲಾಟ್‌ಫಾರಂ 1,500 ಮೀಟರಿಗಿಂತ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ಧಾರವಾಡ ಕಾಲೇಜು, ಕೋರ್ಟು, ಕಚೇರಿಯ ಊರು. ಹುಬ್ಬಳ್ಳಿಯವರು ನಮ್ಮನ್ನು ಸೋಮಾರಿಗಳು ಅಂತಾರೆ. ನಾವು ಅವರನ್ನು ರೊಕ್ಕದ ಮಂದಿ ಅಂತೀವಿ. ಮದುವೆ ಬಟ್ಟೆ ಕೊಳ್ಳೋಕೆ ಮಾತ್ರ ನಾವೂ ಹುಬ್ಬಳ್ಳಿಗೇ ಹೋಗುತ್ತೇವೆ, ಅದು ಬೇರೆ ಮಾತು.

ಬೇಂದ್ರೆಯವರ ಮನೆ ನೋಡಬಹುದಾ?

ನೋಡಬಹುದು. ಸಾಧನಕೇರಿಯಲ್ಲಿ ಅವರ ಮನೆ ಇದೆ, ಹತ್ತಿರದಲ್ಲೇ ಬೇಂದ್ರೆ ಭವನ ಇದೆ, ಎದುರಿಗೆ ಕೆರೆ. ದ.ರಾ. ಬೇಂದ್ರೆ ಹುಟ್ಟಿದ್ದು ಇದೇ ಊರಲ್ಲಿ, 1896ರಲ್ಲಿ. 1973ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂತು. ಭವನದ ಒಳಗೆ ಅವರ ವಸ್ತುಗಳು, ಫೋಟೊಗಳು ಇವೆ. ಒಂದು ಗಂಟೆಯಲ್ಲಿ ನೋಡಿ ಮುಗಿಯುತ್ತದೆ, ಆದರೆ ಮುಗಿಸಿ ಓಡಬೇಡಿ. ಕೆರೆಯ ಪಕ್ಕ ಸುಮ್ನೆ ಕೂತುಕೊಳ್ಳಿ.

ಬೇಂದ್ರೆ ಒಬ್ಬರೇ ಅಲ್ಲ. ವಿ.ಕೃ. ಗೋಕಾಕ್ ಓದಿದ್ದು ಇಲ್ಲಿನ ಕರ್ನಾಟಕ ಕಾಲೇಜಿನಲ್ಲಿ. ಗಿರೀಶ ಕಾರ್ನಾಡ ಕೂಡ ಅದೇ ಕಾಲೇಜಿನಲ್ಲಿ ಓದಿದವರು, ಧಾರವಾಡದಲ್ಲೇ ಬೆಳೆದವರು. ಆ ಕಾಲೇಜು ಶುರುವಾಗಿದ್ದು 1917ರಲ್ಲಿ. ಜನ ಅದನ್ನು ಕೆಸಿಡಿ ಅಂತಲೇ ಕರೆಯುತ್ತಾರೆ, ಆಟೊದವರಿಗೂ ಹಾಗೆ ಹೇಳಿದರೇ ಗೊತ್ತಾಗುವುದು. ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ 'ಅಟ್ಟ' ಇದೆ. 1933ರಿಂದ ಪುಸ್ತಕ ಪ್ರಕಟಿಸುತ್ತಿರುವ ಸಂಸ್ಥೆ. ಬೀದಿಯಿಂದ ನೋಡಿದರೆ ಏನೂ ಅನ್ನಿಸುವುದಿಲ್ಲ. ಮೆಟ್ಟಿಲು ಹತ್ತಿ ಮೇಲೆ ಹೋದರೆ, ಕನ್ನಡದ ದೊಡ್ಡ ದೊಡ್ಡ ಸಾಹಿತಿಗಳು ಹರಟೆ ಹೊಡೆಯುತ್ತಿದ್ದ ಜಾಗ ಅದು.

ಇನ್ನು ಕರ್ನಾಟಕ ವಿದ್ಯಾವರ್ಧಕ ಸಂಘ. 1890ರಲ್ಲಿ ರಾ.ಹ. ದೇಶಪಾಂಡೆ ಮತ್ತು ಗೆಳೆಯರು ಕಟ್ಟಿದ್ದು. ಆಗ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು. ಶಾಲೆಯಲ್ಲಿ, ಕಚೇರಿಯಲ್ಲಿ ಎಲ್ಲ ಮರಾಠಿಯ ಜೋರು. ಮೈಸೂರಿನಲ್ಲಿ ಕನ್ನಡಕ್ಕೆ ಒಬ್ಬ ಮಹಾರಾಜರಿದ್ದರು, ಇಲ್ಲಿ ಯಾರೂ ಇರಲಿಲ್ಲ. ಮಾಸ್ತರು, ವಕೀಲರು, ಗುಮಾಸ್ತರು ಸೇರಿ ವರ್ಗಣಿ ಎತ್ತಿ ಮಾಡಿದ ಕೆಲಸ ಇದು. ಕರ್ನಾಟಕ ಒಂದಾಗಬೇಕು ಅನ್ನುವ ಮಾತಿಗೆ ಬಲ ಬಂದದ್ದು ಇಲ್ಲಿಂದ. ಆಲೂರು ವೆಂಕಟರಾಯರು ಓಡಾಡಿದ್ದು ಈ ರಸ್ತೆಗಳಲ್ಲೇ. ನನ್ನನ್ನು ಕೇಳಿದರೆ ಊರಿನ ನಿಜವಾದ ಸ್ಮಾರಕ ಈ ಸಂಘದ ಕಟ್ಟಡ. ಇವತ್ತಿಗೂ ಅಲ್ಲಿ ದಿನಾ ಏನಾದರೂ ಒಂದು ಕಾರ್ಯಕ್ರಮ ಇದ್ದೇ ಇರುತ್ತದೆ.

ಸಂಗೀತದ ಊರು ಅಂತಾರಲ್ಲ, ಇಷ್ಟು ಜನ ಗಾಯಕರು ಇಲ್ಲೇ ಯಾಕೆ ಹುಟ್ಟಿದರು?

ಹವಾ, ನೀರು ಅಂತ ಕಥೆ ಹೇಳುವವರಿದ್ದಾರೆ. ಅದನ್ನು ನಂಬಬೇಡಿ. ಕಾರಣ ಸರಳ: ದಾರಿ. ಮಹಾರಾಷ್ಟ್ರದ ಮಿರಜ್, ಪುಣೆಯ ಕಡೆಯಿಂದ ಹಿಂದೂಸ್ತಾನಿ ಗಾಯಕರು ಮೈಸೂರು ದರಬಾರಿಗೆ ಹೋಗುವಾಗ ಧಾರವಾಡ ದಾರಿಯಲ್ಲೇ ಬರುತ್ತಿತ್ತು. ಇಳಿದು, ನಾಲ್ಕು ದಿನ ಉಳಿದು, ಹಾಡಿ, ಒಂದಿಬ್ಬರು ಹುಡುಗರಿಗೆ ಕಲಿಸಿ ಮುಂದೆ ಹೋಗುತ್ತಿದ್ದರು. ಕಿರಾಣಾ ಘರಾಣೆಯ (ಅಂದರೆ ಆ ಹೆಸರಿನ ಗಾಯನ ಪರಂಪರೆಯ) ಅಬ್ದುಲ್ ಕರೀಂ ಖಾನ್ ಹಾಗೆ ಬರುತ್ತಿದ್ದವರು. ಅವರ ಶಿಷ್ಯರೇ ಕುಂದಗೋಳದ ಸವಾಯಿ ಗಂಧರ್ವ. ಸವಾಯಿ ಗಂಧರ್ವರ ಹತ್ತಿರ ಕಲಿತವರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಒಬ್ಬರಿಂದ ಒಬ್ಬರಿಗೆ ಹೀಗೆ ಬೆಳೆಯಿತು. ಮರಾಠಿ, ಕನ್ನಡ ನಾಟಕ ಕಂಪನಿಗಳೂ ಊರೂರು ತಿರುಗಿ ಜನರ ಕಿವಿಗೆ ರುಚಿ ಹತ್ತಿಸಿದವು. 1950ರಲ್ಲಿ ಧಾರವಾಡಕ್ಕೆ ಆಕಾಶವಾಣಿ ಕೇಂದ್ರ ಬಂತು. ಕಲಾವಿದರಿಗೆ ಸಂಬಳ ಸಿಕ್ಕಿತು, ಊರು ಬಿಟ್ಟು ಹೋಗುವ ಅಗತ್ಯ ಬೀಳಲಿಲ್ಲ. ಕಲೆ ಉಳಿಯೋಕೆ ಸಂಬಳವೂ ಬೇಕು. ಇದನ್ನು ಯಾರೂ ಭಾಷಣದಲ್ಲಿ ಹೇಳುವುದಿಲ್ಲ.

ಮಲ್ಲಿಕಾರ್ಜುನ ಮನಸೂರರು (1910–1992) ಪಕ್ಕದ ಮನಸೂರು ಹಳ್ಳಿಯವರು. ಧಾರವಾಡದ ಅವರ ಮನೆ 'ಮೃತ್ಯುಂಜಯ' ಈಗ ಸ್ಮಾರಕ. ಸಣ್ಣ ಮನೆ, ಗದ್ದಲ ಇಲ್ಲ. ಗಂಗೂಬಾಯಿಯವರು 1913ರಲ್ಲಿ ಹುಟ್ಟಿದ್ದು ಇಲ್ಲಿನ ಶುಕ್ರವಾರಪೇಟೆಯಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಬಸವರಾಜ ರಾಜಗುರು ಕೂಡ ಈ ಊರಲ್ಲೇ ಇದ್ದವರು. ಸಿತಾರಿಗೂ ಧಾರವಾಡದಲ್ಲಿ ಒಂದು ಮನೆತನವಿದೆ, ರಹಿಮತ್ ಖಾನರಿಂದ ಶುರುವಾದದ್ದು.

ಅದೆಲ್ಲ ಹಳೇ ಕಥೆ ಆಯ್ತು. ಈಗ ಹೋದರೆ ಸಂಗೀತ ಕೇಳೋಕೆ ಸಿಗುತ್ತಾ?

ಸಿಗುತ್ತದೆ. ಆದರೆ ಟಿಕೆಟ್ ಬುಕ್ ಮಾಡುವ ಆ್ಯಪಿನಲ್ಲಿ ಹುಡುಕಬೇಡಿ. ಬೆಳಿಗ್ಗೆ ದಿನಪತ್ರಿಕೆಯ ಸ್ಥಳೀಯ ಪುಟ ತೆಗೆದು 'ಇಂದಿನ ಕಾರ್ಯಕ್ರಮ' ಓದಿ. ವಿದ್ಯಾವರ್ಧಕ ಸಂಘ, ಕೆಸಿಡಿ ಆವರಣದ ರಂಗಮಂದಿರ, ಬೇಂದ್ರೆ ಭವನ, ಇಲ್ಲೆಲ್ಲ ಸಂಜೆ ಕಛೇರಿ ಇರುತ್ತದೆ. ಪ್ರವೇಶ ಉಚಿತ ಇರುವುದೇ ಜಾಸ್ತಿ. ಹೇಳಿದ ಸಮಯಕ್ಕೆ ಶುರುವಾಗುವುದಿಲ್ಲ, ಮೊದಲು ಸ್ವಾಗತ, ಸನ್ಮಾನ, ಹಾರ ಎಲ್ಲ ಮುಗಿಯಬೇಕು. ಸನ್ಮಾನ ಕೆಲವೊಮ್ಮೆ ಹಾಡಿಗಿಂತ ಉದ್ದ ಇರುತ್ತದೆ, ತಾಳ್ಮೆ ಇಟ್ಟುಕೊಳ್ಳಿ.

ಮುಂದಿನ ಸಾಲಿನಲ್ಲಿ ಕೂರುವ ಹಿರಿಯರನ್ನು ಗಮನಿಸಿ. ಸ್ವೆಟರು, ಮಂಕಿ ಕ್ಯಾಪು, ಕಣ್ಣು ಮುಚ್ಚಿರುತ್ತದೆ. ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡಿರುತ್ತೀರಿ. ಗಾಯಕ ಸಮ್ಮಿಗೆ, ಅಂದರೆ ತಾಳದ ಮೊದಲ ಮಾತ್ರೆಗೆ ಬಂದ ಕ್ಷಣವೇ ಅವರ ಕೈ ತೊಡೆಯ ಮೇಲೆ ಬಿದ್ದಿರುತ್ತದೆ, ಒಂದು ಮಾತ್ರೆ ಆಚೀಚೆ ಇಲ್ಲದೆ. ಇವರ ಎದುರು ಹಾಡೋಕೆ ಹೊರಗಿನ ಕಲಾವಿದರೂ ಸ್ವಲ್ಪ ಅಂಜುತ್ತಾರೆ.

ಪೇಡೆ ಯಾಕೆ ಕಂದು ಬಣ್ಣ? ಎಲ್ಲಿ ತಗೋಬೇಕು?

ಹುರಿಯುವುದರಿಂದ. ಬೇರೆ ಕಡೆಯ ಪೇಡೆ ಹೆಚ್ಚಾಗಿ ಬಿಳಿ ಅಥವಾ ಹಳದಿ ಇರುತ್ತದೆ, ಖವಾ ಮೆತ್ತಗಿರುವಾಗಲೇ ಇಳಿಸುತ್ತಾರೆ. ಇಲ್ಲಿ ಖವಾಗೆ ಸಕ್ಕರೆ ಸೇರಿಸಿ ಕಂದು ಬಣ್ಣಕ್ಕೆ ತಿರುಗುವವರೆಗೆ ಹುರಿಯುತ್ತಲೇ ಇರುತ್ತಾರೆ. ಕೈ ನಿಲ್ಲಿಸಿದರೆ ತಳ ಹಿಡಿಯುತ್ತದೆ. ಆಮೇಲೆ ಉಂಡೆ ಕಟ್ಟಿ ಪುಡಿ ಸಕ್ಕರೆಯಲ್ಲಿ ಹೊರಳಿಸುತ್ತಾರೆ. ಕಚ್ಚಿದರೆ ಮೊದಲು ಸಕ್ಕರೆ ಕರಕರ ಅನ್ನುತ್ತದೆ, ಆಮೇಲೆ ಸ್ವಲ್ಪ ಸುಟ್ಟ ಹಾಲಿನ ವಾಸನೆ ಬರುತ್ತದೆ. ಆ ವಾಸನೆಯೇ ಧಾರವಾಡ ಪೇಡೆ. ಹಾಲು ಈ ಭಾಗದ ಗೌಳಿಗರು ಸಾಕುವ ಧಾರವಾಡಿ ಎಮ್ಮೆಗಳದ್ದು. ಪೇಡೆಗೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ.

ಇದನ್ನು ಇಲ್ಲಿ ಶುರು ಮಾಡಿದ್ದು ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ 19ನೇ ಶತಮಾನದಲ್ಲಿ ಬಂದು ನೆಲೆಸಿದ ಠಾಕೂರ ಮನೆತನ. ಧಾರವಾಡದ ಹೆಸರು ಹೊತ್ತ ತಿಂಡಿ ಹೊರಗಿನಿಂದ ಬಂದವರ ಕೈಗುಣ ಅಂತ ಹೇಳಿಕೊಳ್ಳೋಕೆ ನಮಗೇನೂ ಸಂಕೋಚ ಇಲ್ಲ. ಲೈನ್ ಬಜಾರಿನಲ್ಲಿ ಅವರ ಹಳೆಯ ಅಂಗಡಿ ಇದೆ. ಹೆದ್ದಾರಿ ಬದಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಡಬ್ಬಿ ಪೇಡೆ ಬೇಕಾದಷ್ಟು ಸಿಗುತ್ತದೆ, ಕೆಲವು ಚೆನ್ನಾಗಿಯೂ ಇರುತ್ತವೆ. ಆದರೆ ಇಷ್ಟು ದೂರ ಬಂದವರು ಲೈನ್ ಬಜಾರಿಗೆ ಹೋಗಿ ಸಾಲಿನಲ್ಲಿ ನಿಂತು ತಗೊಳ್ಳಿ. ಮೊದಲು ಒಂದನ್ನು ಅಲ್ಲೇ ತಿನ್ನಿ, ಮಿಕ್ಕದ್ದು ಊರಿಗೆ. ಒಂದು ಸೂಚನೆ: ಫ್ರಿಜ್ಜಿನಲ್ಲಿ ಇಡಬೇಡಿ, ಕಲ್ಲಾಗುತ್ತದೆ.

ಊಟ ತುಂಬಾ ಖಾರ ಅಂತಾರೆ, ಹೌದಾ?

ಖಾರ ಇದೆ, ಜೊತೆಗೆ ಮೊಸರೂ ಇದೆ. ಖಾನಾವಳಿಗೆ ಹೋಗಿ ಕೂತರೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಒಂದು ಮೊಳಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೆಂತ್ಯದ ಸೊಪ್ಪು ಬರುತ್ತವೆ. ಸೊಪ್ಪನ್ನು ಹಸಿಯಾಗಿಯೇ ಕೊಟ್ಟಿದ್ದಾರಲ್ಲ ಅಂತ ಗಾಬರಿಯಾಗಬೇಡಿ, ರೊಟ್ಟಿ ಜೊತೆ ಹಾಗೇ ತಿನ್ನುವುದು. ಒಳಗಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿರುತ್ತದೆ. ಆ ಸದ್ದು ಬರುವ ಖಾನಾವಳಿಯನ್ನೇ ಹುಡುಕಿ, ಅಲ್ಲಿ ರೊಟ್ಟಿ ಹಂಚಿನಿಂದ ನೇರ ತಟ್ಟೆಗೆ ಬರುತ್ತದೆ. ನೀವು ಸಾಕು ಅಂದರೂ ಬಡಿಸುವವರು "ಏ, ಇನ್ನೊಂದು ಹಾಕಿಸ್ಕೋರ್ರಿ, ಸಣ್ಣದೈತಿ" ಅಂತ ಹಾಕಿಯೇ ಬಿಡುತ್ತಾರೆ. ಅದು ಸಣ್ಣದಿರುವುದಿಲ್ಲ.

ಸಂಜೆಗೆ ಗಿರಮಿಟ್ಟು, ಮಿರ್ಚಿ, ಚಹಾ. ಗಿರಮಿಟ್ಟು ಅಂದರೆ ಚುರುಮುರಿಗೆ ಉಳ್ಳಾಗಡ್ಡಿ, ಟೊಮೆಟೊ, ಹುಣಸೆ ಗೊಜ್ಜು, ಪುಟಾಣಿ ಹಿಟ್ಟು ಕಲಸಿದ್ದು. ಕಲಸಿದ ಕೂಡಲೇ ತಿನ್ನಬೇಕು. ಪಾರ್ಸಲ್ ಕಟ್ಟಿಸಿಕೊಂಡು ರೂಮಿಗೆ ಹೋದರೆ ಮುದ್ದೆಯಾಗಿರುತ್ತದೆ.

ಎಲ್ಲಿ ನೋಡಿದರೂ ಓದುವ ಹುಡುಗ ಹುಡುಗಿಯರೇ ಕಾಣ್ತಾರೆ, ಯಾಕೆ?

ಸ್ಪರ್ಧಾತ್ಮಕ ಪರೀಕ್ಷೆ. ಸಪ್ತಾಪುರದ ಕಡೆ ಹೋಗಿ ನೋಡಿ: ಕೋಚಿಂಗ್ ಸೆಂಟರು, ಪಿಜಿ, ಝೆರಾಕ್ಸ್ ಅಂಗಡಿ, ಓದುವ ಕೋಣೆ. ಪಿಎಸ್‌ಐ, ಪಿಡಿಒ, ಕೆಎಎಸ್ ಅಂತ ಕನಸು ಹೊತ್ತು ಉತ್ತರ ಕರ್ನಾಟಕದ ಎಲ್ಲ ಜಿಲ್ಲೆಗಳಿಂದ ಬರುತ್ತಾರೆ. ಎಷ್ಟೋ ಜನಕ್ಕೆ ಮನೆಯಿಂದ ವಾರಕ್ಕೊಮ್ಮೆ ಬಸ್ಸಿನಲ್ಲಿ ರೊಟ್ಟಿ ಗಂಟು ಬರುತ್ತದೆ. ಚಹಾದ ಅಂಗಡಿಯ ಮುಂದೆ ನಿಂತು ಸಂವಿಧಾನದ ವಿಧಿಗಳ ಬಗ್ಗೆ ಜಗಳ ಆಡುತ್ತಿರುತ್ತಾರೆ. ಪ್ರವಾಸಿ ತಾಣಗಳ ಪಟ್ಟಿಯಲ್ಲಿ ಇದು ಬರುವುದಿಲ್ಲ, ಆದರೆ ಇವತ್ತಿನ ಧಾರವಾಡ ಹೇಗಿದೆ ಅಂತ ತಿಳಿಯಬೇಕಾದರೆ ಇಲ್ಲೊಂದು ಚಹಾ ಕುಡಿಯಲೇಬೇಕು.

ಮಕ್ಕಳನ್ನು ಕರೆದುಕೊಂಡು ಬಂದರೆ?

ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡಕ್ಕೆ ಹೋಗಿ. ಹಳಬರು ಅದನ್ನು ಛೋಟಾ ಮಹಾಬಳೇಶ್ವರ ಅಂತಾರೆ. ಓಡಾಡಲು ಜಾಗ ಬೇಕಾದಷ್ಟಿದೆ, ಆವರಣದಲ್ಲೇ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ. ಸಂಜೆ ಕೆಲಗೇರಿ ಕೆರೆ. ಶನಿವಾರ ಆದರೆ ನುಗ್ಗಿಕೇರಿ ಹನುಮಪ್ಪನ ಗುಡಿ, ಆದರೆ ಅವತ್ತು ಭಾರೀ ಗದ್ದಲ.

ಪೇಡೆ ಬಿಟ್ಟು ಊರಿಗೆ ಏನು ತಗೊಂಡು ಹೋಗಬಹುದು?

ಕಸೂತಿ. ದುಡ್ಡು ಸ್ವಲ್ಪ ಜಾಸ್ತಿಯೇ, ಆದರೆ ಯಾಕೆ ಅಂತ ತಿಳಿದುಕೊಂಡರೆ ಚೌಕಾಸಿ ಮಾಡೋಕೆ ಮನಸ್ಸು ಬರುವುದಿಲ್ಲ. ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಳ್ಳದೆ, ನೇಯ್ಗೆಯ ಎಳೆಗಳನ್ನು ಎಣಿಸುತ್ತಾ ಹಾಕುವ ಹೊಲಿಗೆ ಇದು. ಗವಂತಿ, ಮುರಗಿ, ನೇಗಿ, ಮೆಂತಿ ಅಂತ ನಾಲ್ಕು ಬಗೆ. ಗವಂತಿ, ಮುರಗಿಯಲ್ಲಿ ಬಟ್ಟೆಯ ಹಿಂಭಾಗವೂ ಮುಂಭಾಗದ ಹಾಗೆಯೇ ಕಾಣಬೇಕು, ಗಂಟು ಕಾಣಬಾರದು. ಒಂದು ಎಳೆ ತಪ್ಪಿ ಎಣಿಸಿದರೆ ಗೋಪುರ ಸೊಟ್ಟಗಾಗುತ್ತದೆ, ಬಿಚ್ಚಿ ಮತ್ತೆ ಹಾಕಬೇಕು. ತೇರು, ಆನೆ, ನವಿಲು, ತುಳಸಿಕಟ್ಟೆ, ತೊಟ್ಟಿಲು ಇವೆಲ್ಲ ಹಳೆಯ ವಿನ್ಯಾಸಗಳು. ಕೊಳ್ಳುವಾಗ ಬಟ್ಟೆ ತಿರುಗಿಸಿ ನೋಡಿ. ಮಷಿನ್ನಿನದು ಹಿಂದುಗಡೆ ಸಿಕ್ಕಿಬೀಳುತ್ತದೆ.

ಹತ್ತಿರದ ಗರಗ ಗ್ರಾಮದ ಖಾದಿಯೂ ಒಳ್ಳೆಯದು. ರಾಷ್ಟ್ರಧ್ವಜದ ಬಟ್ಟೆ ನೇಯ್ದು ಹೆಸರಾದ ಊರು ಅದು. ಧ್ವಜ ಹೊಲಿದು ದೇಶಕ್ಕೆಲ್ಲ ಕಳಿಸುವ ಖಾದಿ ಕೇಂದ್ರ ಹುಬ್ಬಳ್ಳಿಯ ಬೆಂಗೇರಿಯಲ್ಲಿದೆ.

ಸುತ್ತಮುತ್ತ ಇನ್ನೇನಿದೆ?

ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ, ಚಾಲುಕ್ಯರ ಕಾಲದ್ದು. ಅಣ್ಣಿಗೇರಿಯ ಅಮೃತೇಶ್ವರ ಗುಡಿ. ಕುಂದಗೋಳದ ನಾಡಿಗೇರ ವಾಡೆ, ಸವಾಯಿ ಗಂಧರ್ವರ ಹೆಸರಿನ ಸಂಗೀತೋತ್ಸವ ನಡೆಯುವ ಜಾಗ. ಕಾಡು ಬೇಕಾದವರಿಗೆ ದಾಂಡೇಲಿ, ಒಂದೂವರೆ ಗಂಟೆಯ ದಾರಿ. ಊರ ಪಕ್ಕದ ಸೋಮೇಶ್ವರ ಗುಡಿಯನ್ನು ಮರೆಯಬೇಡಿ, ಶಾಲ್ಮಲಾ ಹೊಳೆ ಹುಟ್ಟುವುದು ಅಲ್ಲಿ.

ಊರಿನ ಬಗ್ಗೆ ನಿಮಗೆ ಸಿಟ್ಟು ಬರುವುದೇ ಇಲ್ವಾ?

ಬರದೇ ಏನು. ಮಲಪ್ರಭೆಯಿಂದ ನೀರು ಬರುತ್ತದೆ, ಆದರೆ ಎಲ್ಲ ಓಣಿಗೂ ದಿನಾ ಬರುವುದಿಲ್ಲ. ನಲ್ಲಿ ಯಾವ ದಿನ ಬರುತ್ತದೆ ಅಂತ ನೋಡಿಕೊಂಡೇ ನೆಂಟರನ್ನು ಕರೆಯುವ ಮನೆಗಳಿವೆ. ರಸ್ತೆ ಅಗಲ ಮಾಡುವಾಗ ದೊಡ್ಡ ದೊಡ್ಡ ಮರಗಳು ಹೋದವು. ಮಧ್ಯಾಹ್ನ ಹಳೆಯ ಅಂಗಡಿಗೆ ಹೋದರೆ ಬಾಗಿಲು ಅರ್ಧ ಎಳೆದಿರುತ್ತದೆ, ಮಾಲೀಕರು ಉಂಡು ಮಲಗಿರುತ್ತಾರೆ. ಈ ಮೂರನೆಯದಕ್ಕೆ ನನ್ನ ಸಿಟ್ಟು ಅಷ್ಟು ಜೋರಿಲ್ಲ.

ಧಾರವಾಡದವರು ಮಾತಾಡಿದರೆ ಜಗಳ ಆಡಿದ ಹಾಗೆ ಕೇಳುತ್ತೆ. ನಿಜವಾಗಲೂ ಒರಟಾ?

ದನಿ ಜೋರು, ಮನಸ್ಸು ಮೆತ್ತಗೆ. ದಾರಿ ಕೇಳಿ ನೋಡಿ. ಅರ್ಧ ಜನ ಕೈ ತೋರಿಸಿ ಹೇಳುವುದಿಲ್ಲ, "ಬರ್ರಿ, ನಾನೂ ಆ ಕಡೆನಽ ಹೊಂಟೇನಿ" ಅಂತ ಜೊತೆಗೇ ನಡೆಯುತ್ತಾರೆ. ನಡೆಯುತ್ತಾ ನಿಮ್ಮ ಊರು, ಕೆಲಸ, ಸಂಬಳ, ಮದುವೆ ಆಗಿದೆಯೋ ಇಲ್ಲವೋ ಎಲ್ಲ ಕೇಳಿಬಿಡುತ್ತಾರೆ. ಸಂಬಳ ಹೇಳಲೇಬೇಕು ಅಂತೇನಿಲ್ಲ. ಚಹಾ ಕುಡಿಯೋಣ ಅಂದರೆ ಮಾತ್ರ ಬೇಡ ಅನ್ನಬೇಡಿ.

ಧಾರವಾಡದಲ್ಲೇ ಇರುವವರು ಹೊಸದಾಗಿ ಏನು ನೋಡಬಹುದು?

ಬೇಕಾದಷ್ಟಿದೆ. ಮನಸೂರರ ಮನೆಯೊಳಗೆ ಕಾಲಿಡದ ಧಾರವಾಡದವರು ಎಷ್ಟೋ ಜನ ಇದ್ದಾರೆ. ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆಯಲ್ಲಿ ಶಾಸನ, ಶಿಲ್ಪಗಳ ಸಂಗ್ರಹಾಲಯ ಇದೆ ಅಂದರೆ 'ಹೌದೇನ್ರಿ?' ಅನ್ನುತ್ತಾರೆ. ನೆಂಟರು ಬಂದಾಗ ತೋರಿಸಿದರಾಯಿತು ಅಂತ ಮುಂದಕ್ಕೆ ಹಾಕುತ್ತಾ ಇರುತ್ತೇವೆ. ನೆಂಟರು ಬಂದರೆ ಪೇಡೆ ಅಂಗಡಿ, ಆಮೇಲೆ ರೈಲ್ವೆ ಸ್ಟೇಷನ್. ಒಂದು ಭಾನುವಾರ ನೆಂಟರಿಲ್ಲದೆಯೇ ಹೊರಡಿ. ಭಾನುವಾರ ತೆರೆದಿರುತ್ತದಾ ಅಂತ ಮಾತ್ರ ಮೊದಲೇ ವಿಚಾರಿಸಿ.